ಬಿಯರ್ ಕೆಗ್ಗಿಗೆ ಹಂಡೆಯ ಮುಚ್ಚಳ

ನನ್ನ ಗಂಡ ಆ ಕೆಗ್ ಮನೆಗೆ ತಂದ ದಿನ ನಾನು ಅವರ ಜೊತೆ ಮಾತು ಬಿಟ್ಟೆ. ಮಾತು ಬಿಡುವುದು ನನಗೆ ಬರುವುದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತು. ಬೆಳಿಗ್ಗೆ ಬಿಟ್ಟ ಮಾತು ಸಂಜೆ ಕಾಫಿಯ ಹೊತ್ತಿಗೆ ಬೈಗುಳವಾಗಿ ವಾಪಸ್ ಬಂದಿರುತ್ತದೆ. ಅವತ್ತು ಅಷ್ಟು ಹೊತ್ತೂ ಹಿಡಿಯಲಿಲ್ಲ.

ಅವತ್ತು ಭಾನುವಾರ. ಅಮೃತಹಳ್ಳಿಯ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಪಬ್ಬುಗಳಿಗೆ ಬಿಯರ್ ತುಂಬಿ ಕಳಿಸುವಂಥ ಒಂದು ಸ್ಟೀಲ್ ಡ್ರಮ್ಮನ್ನು ಮಗುವನ್ನು ತಬ್ಬಿಕೊಂಡ ಹಾಗೆ ತಬ್ಬಿಕೊಂಡು ಇಳಿಸುತ್ತಿದ್ದರು. ಮೊಣಕಾಲಿಗಿಂತ ಒಂದು ಗೇಣು ಎತ್ತರ, ಹೊಟ್ಟೆ ದಪ್ಪ, ಮೇಲೆ ಕೆಳಗೆ ಬಳೆಯ ಹಾಗೆ ಕಂಠ, ನೆತ್ತಿಯ ನಡುವೆ ಸಣ್ಣದೊಂದು ಬಾಯಿ. ಹತ್ತಿರ ಹೋಗುವ ಮೊದಲೇ ನನ್ನ ಮೂಗಿಗೆ ಹೊಡೆಯಿತು. ಹುಳಿತ ಹಿಟ್ಟಿನಂಥ, ಒದ್ದೆ ಗೋಣಿಚೀಲದಂಥ ಹಳೇ ಬಿಯರ್ ವಾಸನೆ.

"ಹೆಬ್ಬಾಳದ ಕಡೆ ಒಂದು ಪಬ್ ಮುಚ್ಚೋಯ್ತು ಕಣೆ. ಸಾಮಾನೆಲ್ಲ ಗುಜರಿಗೆ ಹಾಕಿದ್ರು. ಎಷ್ಟು ತಿಂಗಳಿಂದ ಹುಡುಕ್ತಿದ್ದೆ ಗೊತ್ತಾ ಇಂಥದ್ದು!" ಅವರ ಮುಖ ಅರಳಿತ್ತು. "ಇದರ ತಲೆ ಕತ್ತರಿಸಿ, ಕೆಳಗೊಂದು ನಲ್ಲಿ ಕೂರಿಸಿದ್ರೆ ಮುಗೀತು. ಮನೇಲೇ ಬಿಯರ್ ಕುದಿಸ್ಬಹುದು."

"ಮನೇಲಾ? ಯಾವ ಮನೇಲಿ?"

"ಬಿಯರ್ ಕಣೆ, ವಿಸ್ಕಿ ಅಲ್ಲ. ಬಾರ್ಲಿ ನೀರು ಅಂದ್ಕೊ."

"ಬಾರ್ಲಿ ನೀರಂತೆ! ಮೇಲೆ ರೂಮಲ್ಲಿ ಯಾರಿದಾನೆ ಅಂತ ಮರ್ತೋಯ್ತೇನ್ರೀ ನಿಮಗೆ? ಅದೂ ಅಲ್ದೆ ಮನೇಲಿ ಇದನ್ನೆಲ್ಲ ಮಾಡೋಕೆ ಕಾನೂನು ಒಪ್ಪುತ್ತಾ?"

ಕಾನೂನಿನ ಪ್ರಶ್ನೆಗೆ ಅವರು "ಯಾರು ಬಂದು ನೋಡ್ತಾರೆ" ಅಂದರು. ಮೊದಲ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಟಾರ್ಪಾಲು ತಂದು ಕೆಗ್ಗಿನ ಮೇಲೆ ಹೊದಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ.

ಮೇಲಿನ ರೂಮಿನಲ್ಲಿ ಇದ್ದವನು ನನ್ನ ತಮ್ಮ. ಯಶವಂತಪುರದ ಹತ್ತಿರ ಸ್ವಂತ ಶೆಡ್ ಹಾಕಿಕೊಂಡು ಗ್ರಿಲ್, ಗೇಟು, ಹೋಟೆಲುಗಳ ಸ್ಟೀಲ್ ಮೇಜು ಅಂತ ಮಾಡುತ್ತಿದ್ದವನು. ಕುಡಿತ ಶೆಡ್ಡನ್ನು ನುಂಗಿತು, ಆಮೇಲೆ ಸಂಸಾರವನ್ನು ನುಂಗಿತು. ಹೆಂಡತಿ ತವರಿಗೆ ಹೋದಳು. ಅವಳು ಮಾಡಿದ್ದು ತಪ್ಪು ಎಂದು ನಾನು ಯಾವತ್ತೂ ಅಂದಿಲ್ಲ. ಕುಡಿತ ಬಿಡಿಸುವ ಕೇಂದ್ರದಲ್ಲಿ ಇದ್ದು ಬಂದ ಮೇಲೆ ಅವನನ್ನು ನಮ್ಮ ತಾರಸಿಯ ರೂಮಿನಲ್ಲಿ ಇಟ್ಟುಕೊಂಡೆವು. ಇಟ್ಟುಕೊಳ್ಳೋಣ ಎಂದು ಮೊದಲು ಹೇಳಿದವರು ನನ್ನ ಗಂಡನೇ. ಅದನ್ನೂ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಒಂದು ವರ್ಷದ ಮೇಲಾಗಿತ್ತು, ಅವನು ಮುಟ್ಟಿರಲಿಲ್ಲ. ಯಲಹಂಕದಲ್ಲಿ ಬೇರೆಯವರ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ನೆಟ್ಟಗೆ ಮನೆಗೆ ಬರುತ್ತಿದ್ದ.

ಬರುತ್ತಿದ್ದ ಅನ್ನುವುದು ನನಗೆ ಹೇಗೆ ಗೊತ್ತು ಅಂದರೆ, ಅವನು ಮೆಟ್ಟಿಲು ಹತ್ತುವ ಸದ್ದು ಕೇಳಿದ ತಕ್ಷಣ ನಾನು ಕಾಫಿ ಹಿಡಿದುಕೊಂಡು ಹಿಂದೆಯೇ ಹೋಗುತ್ತಿದ್ದೆ. ಕಾಫಿ ನೆಪ. ಲೋಟ ಕೊಡುವಾಗ ಒಂದು ಹೆಜ್ಜೆ ಹತ್ತಿರ ನಿಂತು "ಊಟಕ್ಕೆ ಏನ್ ಮಾಡ್ಲೋ" ಎಂದು ಕೇಳುತ್ತಿದ್ದೆ. ಉತ್ತರ ಕೊಡಬೇಕಾದರೆ ಬಾಯಿ ತೆಗೆಯಬೇಕಲ್ಲ. ನಾನು ಸೋಲದೇವನಹಳ್ಳಿ ಕಡೆಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುವವಳು. ಯಾವ ಬಾಟಲಿಯ ಬಿರಟೆ ಸಡಿಲವಾಗಿದೆ ಎಂದು ಬಾಗಿಲಲ್ಲೇ ನಿಂತು ಹೇಳಬಲ್ಲೆ. ಆ ಮೂಗನ್ನು ನಾನು ದಿನಾ ಸಂಜೆ ತಮ್ಮನ ಬಾಯಿಯ ಮುಂದೆ ಹಿಡಿಯುತ್ತಿದ್ದೆ. ಮನೆಯಲ್ಲಿ ಸೆಂಟು ಬಾಟಲಿ ಇಡುತ್ತಿರಲಿಲ್ಲ, ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಇಡುತ್ತಿರಲಿಲ್ಲ, ಅಮ್ಮನ ಕೆಮ್ಮಿನ ಔಷಧಿಯ ಲೇಬಲ್ಲನ್ನೂ ಓದಿಯೇ ತರುತ್ತಿದ್ದೆ. ಇಂಥ ಮನೆಗೆ ಬಿಯರ್ ಕುದಿಸುವ ಪಾತ್ರೆ ತರುವುದೆಂದರೆ ನನಗೆ ಹೇಗಾಗಬೇಡ!

ಅಮ್ಮ ನಮ್ಮ ಜೊತೆಯೇ ಇರುವುದು. ಟಾರ್ಪಾಲು ಹೊದಿಸಿದ ಮೇಲೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದವಳು, ಊಟ ಬಡಿಸುವಾಗ ಅಳಿಯನನ್ನು ಕೇಳಿದಳು:

"ಏನು ಅಳಿಯಂದ್ರೇ ಅದು, ದೊಡ್ಡ ಡ್ರಮ್ಮು?"

ಇವರು ತುತ್ತು ಬಾಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದರು. ನಾನು ಸಾರಿನ ಪಾತ್ರೆ ನೋಡಿದೆ.

"ಅದಾ ಅತ್ತೆ... ನೀರು ಕಾಯ್ಸೋಕೆ" ಅಂದರು.

ಸುಳ್ಳೂ ಅಲ್ಲ, ನಿಜವೂ ಅಲ್ಲ. ಬಿಯರ್ ಮಾಡಬೇಕಾದರೂ ಮೊದಲು ನೀರು ಕಾಯಿಸಬೇಕು ತಾನೆ. ಅಮ್ಮ "ಓ" ಅಂದಳು. ಅಷ್ಟೇ. ಇನ್ನೊಂದು ಸೌಟು ಸಾರು ಅಳಿಯನ ತಟ್ಟೆಗೆ ಹಾಕಿದಳು. ಪಾರಾದೆವು ಎಂದುಕೊಂಡು ನಾವಿಬ್ಬರೂ ಊಟ ಮುಗಿಸಿದೆವು.

ತಮ್ಮನ ಕಣ್ಣು ತಪ್ಪಿಸುವುದು ಆಗಲಿಲ್ಲ. ಮಾರನೇ ದಿನ ಸಂಜೆ ಕೆಲಸದಿಂದ ಬಂದವನು ಟಾರ್ಪಾಲು ಎತ್ತಿ, ಬೆರಳ ಗೆಣ್ಣಿನಿಂದ ಟಣ್ ಎಂದು ಬಡಿದು ನೋಡಿದ.

"ಭಾವ, ಮಾಲು ಚೆನ್ನಾಗಿದೆ. ಯಾರ ಹತ್ರ ಕಟ್ ಮಾಡಿಸ್ತೀರಾ?"

"ಹೊರಗಡೆ ಯಾರಾದ್ರೂ..."

"ಹೊರಗಡೆ ಯಾಕೆ ಭಾವ? ಮನೇಲಿ ನಾನೇನು ಸತ್ತೋಗಿದೀನಾ?"

ನಾನು ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ಮಿಕ್ಸಿ ಹಾಕಿ ಆ ಸದ್ದಿನಲ್ಲಿ ಜಗಳ ಆಡುವುದು ನಮ್ಮ ಮನೆಯ ಪದ್ಧತಿ. ಅವತ್ತು ಬರೀ ಜಾರು ತಿರುಗಿಸಿ ಕೂಗಿದೆ. ಬೆಕ್ಕಿನ ಕೈಯಲ್ಲೇ ಹಾಲಿನ ಪಾತ್ರೆ ತೊಳೆಸುತ್ತೀರಾ ಎಂದೆ. ಅವನು ಮತ್ತೆ ಬಿದ್ದರೆ ಎತ್ತುವ ಶಕ್ತಿ ನನಗಿಲ್ಲ ಎಂದೆ. ಅವರು ಮಿಕ್ಸಿ ಆಫ್ ಮಾಡಿದರು.

"ಅವನನ್ನ ನೀನು ಗಾಜಿನ ಲೋಟದ ಥರ ಇಟ್ಕೊಂಡಿದೀಯ ಕಣೆ. ಮುಟ್ಟಿದ್ರೆ ಒಡೆದೋಗುತ್ತೆ ಅಂತ. ಎಷ್ಟು ದಿನ ಆಯ್ತು ಅವನು ತಾನಾಗಿ ಒಂದು ಕೆಲಸ ಮಾಡ್ತೀನಿ ಅಂತ ಬಾಯಿಬಿಟ್ಟು? ಮಾಡ್ಲಿ ಬಿಡು."

ಅದು ಸರಿ ಅನ್ನಿಸಿತು. ಸರಿ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮುಂದಿನ ಭಾನುವಾರ ಮನೆಯ ಪಕ್ಕದ ಓಣಿಯಲ್ಲಿ ಕೆಲಸ ಶುರುವಾಯಿತು. ನಾನು ಅಡುಗೆಮನೆಯ ಕಿಟಕಿ ಬಿಟ್ಟು ಕದಲಲಿಲ್ಲ. ಪಾತ್ರೆ ತೊಳೆಯುವವಳ ಹಾಗೆ ನಲ್ಲಿ ಬಿಟ್ಟುಕೊಂಡು, ತೊಳೆದದ್ದನ್ನೇ ತೊಳೆಯುತ್ತಾ ನೋಡುತ್ತಿದ್ದೆ. ಮುಚ್ಚಿದ ಡ್ರಮ್ಮನ್ನು ಹಾಗೇ ಕತ್ತರಿಸಬಾರದಂತೆ, ಒಳಗೆ ಗ್ಯಾಸಿನ ಒತ್ತಡ ಇರುತ್ತದಂತೆ. ನನ್ನ ತಮ್ಮ ಕೆಗ್ಗಿನ ಬಾಯಿಯ ಮೇಲೆ ಟವೆಲು ಒತ್ತಿ ಹಾಕಿ, ಸ್ಕ್ರೂ ಡ್ರೈವರಿನಿಂದ ಅದರ ನೆತ್ತಿಯ ವಾಲ್ವನ್ನು ಒತ್ತಿದ. ಬುಸ್ ಎಂದು ಗಾಳಿ ಹೋಯಿತು. ಮುಗಿಯಿತು ಎಂದು ಟವೆಲು ತೆಗೆದ. ಮುಗಿದಿರಲಿಲ್ಲ. ತಳದಲ್ಲಿ ಎಷ್ಟು ಕಾಲದಿಂದಲೋ ಉಳಿದಿದ್ದ ಬಿಯರ್ ಚಿಮ್ಮಿ ಅವನ ಮುಖ, ಎದೆ, ಶರ್ಟು ಎಲ್ಲ ತೋಯಿಸಿತು.

ಅವನು ಹಾಗೇ ನಿಂತ. ನನ್ನ ಗಂಡ "ಅಯ್ಯೋ, ಅಯ್ಯೋ" ಎಂದು ಬಟ್ಟೆ ಹುಡುಕಿದರು. ತಮ್ಮ ತನ್ನ ಮುಂಗೈಯಿಂದ ಬಾಯಿ ಒರೆಸಿಕೊಂಡ. ಆ ಒರೆಸುವ ರೀತಿ ನನಗೆ ಗೊತ್ತು. ನಾಲಿಗೆ ತುಟಿಯ ಮೇಲೆ ಬಂತಾ? ಬರಲಿಲ್ಲವಾ? ಅಷ್ಟು ದೂರದಿಂದ ಕಾಣಿಸಲಿಲ್ಲ. ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟು ಮೆಟ್ಟಿಲು ಹತ್ತಿ ಹೋದ.

ನಾನು ಹಿಂದೆಯೇ ಓಡಿದೆ. ರೂಮಿನ ಬಾಗಿಲು ಹಾಕಿತ್ತು, ಒಳಗೆ ನೀರು ಸುರಿಯುವ ಸದ್ದು. ಬಹಳ ಹೊತ್ತು ಸುರಿಯಿತು. ತಲೆಗೂದಲು ಒದ್ದೆ, ಬೇರೆ ಶರ್ಟು, ಮೈಯೆಲ್ಲ ಸೋಪಿನ ವಾಸನೆ, ಹಾಗೆ ಹೊರಗೆ ಬಂದ.

"ಏನಕ್ಕ, ಇಲ್ಲಿ ನಿಂತಿದೀಯ?"

"ಒಣಗಿದ ಬಟ್ಟೆ ತಗೊಂಡೋಗೋಣ ಅಂತ."

ಅವನು ತಾರಸಿಯ ತಂತಿಯ ಕಡೆ ನೋಡಿದ. ತಂತಿಯ ಮೇಲೆ ಒಂದು ಕರ್ಚೀಫೂ ಇರಲಿಲ್ಲ. "ಹ್ಞೂಂ" ಎಂದು ಇಳಿದು ಹೋದ.

ಆಮೇಲೆ ಕೆಲಸ ಸರಸರನೆ ಸಾಗಿತು. ವಾಲ್ವು ಬಿಚ್ಚಿ, ಒಳಗಿನ ಉದ್ದನೆಯ ಪೈಪು ಎಳೆದು ತೆಗೆದ. ನೀರು ತುಂಬಿಸಿ, ಕುಲುಕಿ, ಚೆಲ್ಲಿ, ಮತ್ತೆ ತುಂಬಿಸಿ ತೊಳೆದ. ನೆತ್ತಿಯ ಮೇಲೆ ಎಷ್ಟು ಅಗಲ ಕತ್ತರಿಸಬೇಕು ಎಂದು ಇವರು ಫೋನಿನಲ್ಲಿ ವಿಡಿಯೋ ತೋರಿಸಹೋದರು. ಅವನು ಅದನ್ನು ನೋಡದೆ ಒಳಗೆ ಕೂಗಿದ.

"ಅಮ್ಮ, ಆ ಮುಚ್ಚಳ ಕೊಡು."

ಯಾವ ಮುಚ್ಚಳ ಎಂದು ಅಮ್ಮ ಕೇಳಲಿಲ್ಲ. ಅಕ್ಕಿ ಡ್ರಮ್ಮಿನ ಮೇಲಿದ್ದ ತಾಮ್ರದ ಮುಚ್ಚಳವನ್ನು ಸೆರಗಿನಲ್ಲಿ ಒರೆಸಿ ತಂದುಕೊಟ್ಟಳು.

ಆ ಮುಚ್ಚಳದ ಕತೆ ಹೇಳಬೇಕು. ನಾವು ಬೆಳೆದದ್ದು ಆರ್.ಟಿ. ನಗರದಲ್ಲಿ. ಆ ಮನೆಯ ಬಚ್ಚಲಲ್ಲಿ ಅಮ್ಮನ ತಾಮ್ರದ ಹಂಡೆ ಇತ್ತು, ಅವಳ ತಾಯಿ ಕೊಟ್ಟದ್ದು. ದೀಪಾವಳಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದ ದಿನ, ಅದನ್ನು ಹುಣಸೆಹಣ್ಣು ಹಾಕಿ ಬೆಳಗಿ, ಮೈಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಿದ್ದಳು. ಮಾರನೇ ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಆ ನೀರು. ತಮ್ಮನ ಕುಡಿತ ಜೋರಾಗಿದ್ದ ಕಾಲದಲ್ಲಿ ಒಂದು ದೀಪಾವಳಿಯ ವಾರ ಹಂಡೆ ಕಾಣೆಯಾಯಿತು. ಕದ್ದವರು ಯಾರು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಮುಚ್ಚಳ ಮಾತ್ರ ಅಕ್ಕಿ ಡ್ರಮ್ಮಿನ ಮೇಲಿದ್ದದ್ದರಿಂದ ಉಳಿದುಕೊಂಡಿತು. ಅಲ್ಲಿಂದ ಮುಂದೆ ಪ್ರತಿ ವರ್ಷ ಅಮ್ಮ ಪ್ಲಾಸ್ಟಿಕ್ ಬಕೆಟ್ಟಿಗೆ ಸುಣ್ಣದ ಪಟ್ಟೆ ಎಳೆದು ಹಬ್ಬ ಮಾಡಿದಳು. ಮಗನಿಗೆ ಒಂದು ಮಾತೂ ಆಡಲಿಲ್ಲ. ನಾನು ಮಾತ್ರ ಆ ಬಕೆಟ್ಟು ನೋಡಿದಾಗಲೆಲ್ಲ ಒಳಗೊಳಗೇ ಉರಿದುಹೋಗುತ್ತಿದ್ದೆ.

ಇಷ್ಟೆಲ್ಲ ಗೊತ್ತಿದ್ದೂ ಅವತ್ತು ನನಗೆ ಹೊಳೆಯಲಿಲ್ಲ ನೋಡಿ. ನನ್ನ ಗಮನವೆಲ್ಲ ಅವನ ಬಾಯಿಯ ಮೇಲಿತ್ತು, ಕೈಯ ಮೇಲಿರಲಿಲ್ಲ. ಅವನು ಮುಚ್ಚಳವನ್ನು ಕೆಗ್ಗಿನ ನೆತ್ತಿಯ ಮೇಲೆ ಬೋರಲು ಹಾಕಿ, ಸುತ್ತ ಗೀಟು ಎಳೆದು, ಅದಕ್ಕಿಂತ ಒಂದು ಎಳೆ ಒಳಗೆ ಇನ್ನೊಂದು ಗೀಟು ಹಾಕಿದ. ಗ್ರೈಂಡರ್ ಹಿಡಿದ. ಆ ಕಿರುಚಾಟಕ್ಕೆ ಎದುರುಮನೆಯವರು ಹೊರಗೆ ಬಂದು ನಿಂತರು. ಕಿಡಿಗಳು ಕಾಂಪೌಂಡ್ ಗೋಡೆಗೆ ಹಾರಿದವು. ಅಮ್ಮ ಕುರ್ಚಿ ಹಾಕಿಕೊಂಡು, ಸೆರಗಿನಿಂದ ಕಿವಿ ಮುಚ್ಚಿಕೊಂಡು, ನಗುನಗುತ್ತಾ ನೋಡುತ್ತಿದ್ದಳು. ಬಿಲ್ಲೆ ಠಣ್ ಎಂದು ಒಳಗೆ ಬಿತ್ತು. ಅಂಚನ್ನು ಅರದಿಂದ ಉಜ್ಜಿ, ನುಣುಪು ಬಂದ ಮೇಲೆ ಬೆರಳಾಡಿಸಿ ನೋಡಿ, ಮುಚ್ಚಳ ಇಟ್ಟ. ಕೂತಿತು.

"ಸೂಪರ್ ಗುರು! ಮುಚ್ಚಳಾನೂ ಫ್ರೀ" ಎಂದು ನನ್ನ ಗಂಡ ಅವನ ಬೆನ್ನು ತಟ್ಟಿದರು.

ಕೆಳಗಡೆ ನಲ್ಲಿ ಕೂರಿಸುವುದಕ್ಕೆ ಆರ್ಗಾನ್ ವೆಲ್ಡಿಂಗ್ ಬೇಕಿತ್ತು, ಇಲ್ಲದಿದ್ದರೆ ಬೆಸುಗೆ ತುಕ್ಕು ಹಿಡಿಯುತ್ತದಂತೆ. ಲಗೇಜ್ ಆಟೋದಲ್ಲಿ ಹಾಕಿಕೊಂಡು ಶೆಡ್ಡಿಗೆ ತೆಗೆದುಕೊಂಡು ಹೋದ. ಕೆಲಸ ಮುಗಿದ ಮೇಲೆ ದಿನಾ ಸ್ವಲ್ಪ ಹೊತ್ತು ನಿಂತು ಅದನ್ನು ಮಾಡುತ್ತಿದ್ದ. ಹೀಗಾಗಿ ಮನೆಗೆ ಬರುವುದು ತಡವಾಗತೊಡಗಿತು. ಅದಕ್ಕಿಂತ ದೊಡ್ಡ ಕಷ್ಟ ನನ್ನ ಮೂಗಿನದು. ಬೆಸುಗೆ ಒರೆಸುವ ಥಿನ್ನರ್ ಅವನ ಕೈ, ಬಟ್ಟೆ, ಉಸಿರು ಎಲ್ಲದರಲ್ಲೂ ಸೇರಿಕೊಂಡಿತ್ತು. ಕೆಳಗೆ ನನ್ನ ಗಂಡನಿಗೆ ಪಾರ್ಸೆಲ್ ಮೇಲೆ ಪಾರ್ಸೆಲ್. ಬಿಯರಿಗೆ ಹಾಕುವ, ಕಹಿ ಸೊಪ್ಪಿನ ವಾಸನೆಯ ಹಸಿರು ಗುಳಿಗೆಗಳು, ಯೀಸ್ಟಿನ ಪ್ಯಾಕೆಟ್ಟು, ಮದುವೆಮನೆಯಲ್ಲಿ ಇರುವಂಥ ಗ್ಯಾಸ್ ಒಲೆ. ಕಾಫಿ ಲೋಟ ಹಿಡಿದು ತಮ್ಮನ ಮುಂದೆ ನಿಂತರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಕುಡಿದಿದ್ದಾನೋ ಇಲ್ಲವೋ ಎಂದು ಹೇಳಲಾರದೆ, ಹೆದರಿಕೆ ಇನ್ನೂ ಹೆಚ್ಚಾಯಿತು. ಕಾಲೇಜಿನಲ್ಲಿ ಪಿಪೆಟ್ಟು ಜೋಡಿಸುತ್ತಾ ಜೋಡಿಸುತ್ತಾ ಸುಮ್ಮನೆ ಕಣ್ಣಲ್ಲಿ ನೀರು ಬರುತ್ತಿತ್ತು.

ನೀರು ತುಂಬುವ ಹಬ್ಬದ ದಿನ ನಾನು ಕಾಲೇಜಿನಿಂದ ಬಂದಾಗ ಅಮ್ಮ ಒಬ್ಬಳೇ ಇದ್ದಳು. ಸೀರೆಗೆ, ಮೊಣಕೈಗೆ ಸುಣ್ಣ ಮೆತ್ತಿಕೊಂಡಿತ್ತು.

"ಅವನು ಮಧ್ಯಾಹ್ನವೇ ಪಾತ್ರೆ ತಂದಿಟ್ಟು ಹೋದ ಕಣೆ. ಎಲ್ಲೋ ಹೋಗಿ ಬರ್ತೀನಿ ಅಂದ."

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಶೆಡ್ಡಿಗೆ ಮಾಡಿದೆ. "ಹಬ್ಬ ಅಲ್ವಾ ಮೇಡಂ, ಸಂಬಳ ತಗೊಂಡು ಆಗ್ಲೇ ಹೊರಟ್ರು" ಎಂದರು. ಸಂಬಳ ಜೇಬಲ್ಲಿ, ಹಬ್ಬ, ಫೋನ್ ಎತ್ತುತ್ತಿಲ್ಲ. ಹಿಂದೆಲ್ಲ ಕುಡಿಯಲು ಹೋದಾಗ ಇವು ಮೂರೂ ಒಟ್ಟಿಗೇ ಇರುತ್ತಿದ್ದವು. ಚಪ್ಪಲಿ ಬಿಚ್ಚದೆ ಹಾಗೇ ಸ್ಕೂಟರ್ ತಿರುಗಿಸಿದೆ.

ಅಮೃತಹಳ್ಳಿಯ ಮೇನ್ ರೋಡಿನ ವೈನ್ ಶಾಪಿನ ಎದುರು ನಿಲ್ಲಿಸಿದೆ. ಹಬ್ಬದ ಗಿರಾಕಿ ಜಾಸ್ತಿ ಇತ್ತು. ಒಬ್ಬೊಬ್ಬರ ಬೆನ್ನೂ ತಮ್ಮನ ಬೆನ್ನಿನ ಹಾಗೇ ಕಾಣುತ್ತಿತ್ತು. ಸ್ಕೂಟರ್ ಮೇಲೆ ಕೂತೇ ಕುತ್ತಿಗೆ ಉದ್ದ ಮಾಡಿ ಒಳಗೆ ಇಣುಕಿದೆ. ಕೌಂಟರಿನ ಹತ್ತಿರ ನಿಂತಿದ್ದವನೊಬ್ಬ ಹಲ್ಲು ಕಿರಿದು, "ಏನ್ ಬೇಕು ಮೇಡಂ, ನಾನ್ ತಂದ್ಕೊಡ್ಲಾ?" ಅಂದ.

"ನಿಮ್ಮಪ್ಪನ ತಲೆ ತಂದ್ಕೊಡು" ಅಂದೆ.

ಅವನು ಏನು ಅನ್ನುತ್ತಿದ್ದನೋ, ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ದನಿ ಬಂತು.

"ಏನಕ್ಕ? ಏನಾದ್ರೂ ತಗೋಬೇಕಿತ್ತಾ?"

ತಮ್ಮ. ಬಸ್ಸಿಳಿದು ನಡೆದುಕೊಂಡು ಬರುತ್ತಿದ್ದ. ಕೈಯಲ್ಲಿ ಒದ್ದೆ ಪೇಪರಿನಲ್ಲಿ ಸುತ್ತಿದ ಹಸಿರು ಕಟ್ಟು. ಕಟ್ಟಿನಿಂದ ಸಣ್ಣದೊಂದು ಹಾಗಲಕಾಯಿ ಹೊರಗೆ ಇಣುಕುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

"ಫೋನ್ ಯಾಕೋ ಎತ್ತಲ್ಲ?" ಎಂದು ಜೋರು ಮಾಡಿದೆ. ಬೇರೇನು ಮಾಡಲಿ?

"ಬಸ್ಸಲ್ಲಿ ಕೇಳಿಸ್ಲಿಲ್ಲ. ಸೋಲದೇವನಹಳ್ಳಿಗೆ ಹೋಗಿದ್ದೆ, ನಮ್ಮ ಶೆಡ್ಡಿನವನೊಬ್ಬನ ತೋಟ ಇದೆ ಅಲ್ಲಿ. ಅಮ್ಮ ಬಳ್ಳಿ ಬೇಕು ಅಂತ ಮೊನ್ನೆ ಅಂದಿದ್ಲು."

"ನಾನು ದಿನಾ ಹೋಗೋ ರಸ್ತೆ ಅದು. ನಂಗೆ ಹೇಳಿದ್ರೆ ತರ್ತಿರ್ಲಿಲ್ವಾ?"

"ನೀನು ಯಾಕೆ ಅಂತ ಕೇಳ್ತಿದ್ದೆ."

ಹಿಂದೆ ಕೂತ. ದಾರಿಯುದ್ದಕ್ಕೂ ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಹಾಗಲಸೊಪ್ಪಿನ ಕಹಿ, ಥಿನ್ನರು, ಬೆವರು. ಅಷ್ಟು ಆದ ಮೇಲೂ ನಾನು ಅದರೊಳಗೆ ಇನ್ನೊಂದು ವಾಸನೆ ಹುಡುಕುತ್ತಲೇ ಗಾಡಿ ಓಡಿಸಿದೆ.

ಮನೆಯ ಹಿಂದಿನ ಬಚ್ಚಲ ಮುಂದೆ ಗ್ಯಾಸ್ ಒಲೆಯ ಮೇಲೆ ಕೆಗ್ ಕೂತಿತ್ತು. ಕೆಗ್ ಎಂದು ಹೇಳುವ ಹಾಗೆ ಏನೂ ಉಳಿದಿರಲಿಲ್ಲ. ಮೈತುಂಬ ಸುಣ್ಣ ಕೆಮ್ಮಣ್ಣಿನ ಪಟ್ಟೆ. ಹೊಟ್ಟೆಯ ಮೇಲೆ ಕೊರೆದಿದ್ದ ಇಂಗ್ಲಿಷ್ ಅಕ್ಷರಗಳ ಮೇಲೆ ದಪ್ಪನೆಯ ಬಿಳಿ ಪಟ್ಟೆ. ಕೆಳಗೆ ಹೊಳೆಯುವ ನಲ್ಲಿ, ನಲ್ಲಿಗೊಂದು ಕುಂಕುಮದ ಬೊಟ್ಟು. ಮುಂದೆ ರಂಗೋಲಿ. ಹುಣಸೆಹಣ್ಣಿನಲ್ಲಿ ಬೆಳಗಿದ ತಾಮ್ರದ ಮುಚ್ಚಳ ಪಕ್ಕದಲ್ಲಿ ಗೋಡೆಗೆ ಒರಗಿತ್ತು. ನೀರು ಕಾಯಿಸೋಕೆ ಎಂದು ಅಳಿಯ ಹೇಳಿದ್ದರು, ಮಗ ಹಂಡೆಯ ಮುಚ್ಚಳ ಕೇಳಿ ಅಳತೆ ತೆಗೆದುಕೊಂಡಿದ್ದ. ಹಬ್ಬಕ್ಕೆ ಹಂಡೆ ಬಂತು ಎಂದು ಅಮ್ಮ ಅಂದುಕೊಂಡದ್ದರಲ್ಲಿ ಅವಳ ತಪ್ಪೇನಿದೆ!

ತಮ್ಮ ಕೈಕಾಲು ತೊಳೆದು ಬಂದು ಕಂಠಕ್ಕೆ ಬಳ್ಳಿ ಸುತ್ತತೊಡಗಿದ. ನಾನು ಅವನ ಪಕ್ಕ ಕೂತು ಪಿಸುಗುಟ್ಟಿದೆ.

"ಬೇಕೂಂತ ಮಾಡ್ದೆಯೇನೋ?"

"ಮುಚ್ಚಳ ಕೇಳಿದ್ದು ಅಳತೆಗೇ ಅಕ್ಕ, ಆಣೆಗೂ. ಬೇರೇನೂ ತಲೇಲಿ ಇರ್ಲಿಲ್ಲ. ಆವತ್ತು ರಾತ್ರಿ ಊಟ ಬಡಿಸ್ತಾ ಅಮ್ಮ ಕೇಳಿದ್ಲು, ಈ ಸಲ ಹಂಡೆಗೇ ನೀರು ತುಂಬೋದು ಅಲ್ವೇನೋ ಅಂತ." ಬಳ್ಳಿಯ ತುದಿಯನ್ನು ಕಂಠದ ತೂತಿಗೆ ಸಿಕ್ಕಿಸಿದ. "ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನನ್ನ ಬಾಯಲ್ಲಿ ಹೆಂಗೆ ಬರುತ್ತೆ, ನೀನೇ ಹೇಳು."

ಆಗಲೇ ನನ್ನ ಗಂಡ ಬಂದರು. ಹೆಗಲ ಮೇಲೆ ಮಾಲ್ಟಿನ ಚೀಲ, ಬಿಯರಿಗೆ ಬೇಕಾದ ಮೊಳಕೆ ಬಾರ್ಲಿ. ಅದೊಂದೇ ಬಾಕಿ ಇತ್ತು. ಓಣಿ ದಾಟಿ ಬಂದವರು ಹಂಡೆಯನ್ನು ನೋಡಿ ಹೆಜ್ಜೆ ಎತ್ತಲಿಲ್ಲ.

"ಬನ್ನಿ ಅಳಿಯಂದ್ರೇ, ಸರಿಯಾದ ಹೊತ್ತಿಗೆ ಬಂದ್ರಿ! ಮೊದಲನೇ ಬಿಂದಿಗೆ ನೀವೇ ಹಾಕ್ಬೇಕು. ನೀವು ತಂದಿರಿ, ಅವನು ಮಾಡಿದ. ನಂಗಿನ್ನೇನು ಬೇಕು." ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು, ಸುಣ್ಣ ಕೆನ್ನೆಗೂ ಹತ್ತಿತು.

ಅವರು ಚೀಲವನ್ನು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಇಳಿಸಿದರು. ಕಾಲು ತೊಳೆದರು. ಬಿಂದಿಗೆ ಎತ್ತಿ ನೀರು ಹಾಕಿದರು. ಅಮ್ಮ ಆರತಿ ಎತ್ತಿದಳು. ಎಲ್ಲ ಮುಗಿಯುವ ತನಕ ಅವರು ನೆಲ ನೋಡುತ್ತಲೇ ನಿಂತಿದ್ದರು.

ರೂಮಿಗೆ ಬಂದ ಮೇಲೆ ಮಿಕ್ಸಿಯ ಸಹಾಯವಿಲ್ಲದೆ ಜಗಳ ಆಯಿತು.

"ಹೇಳು ನಿಮ್ಮಮ್ಮನಿಗೆ."

"ಸುಳ್ಳು ಹೇಳಿದವ್ರು ನೀವು. ನೀವೇ ಹೋಗಿ ಹೇಳಿ, ಅತ್ತೆ ಇದು ಹೆಂಡದ ಪಾತ್ರೆ, ಹೂವು ತೆಗೀರಿ ಅಂತ."

ಅವರು ಮಂಚದ ಮೇಲೆ ಕೂತರು. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಈ ಮನೇಲಿ ನಂಗೂ ಒಂದು ಆಸೆ ಇರ್ಬಾರ್ದೇನೆ? ಫ್ರೆಂಡ್ಸನ್ನ ಕರೆಯೋ ಹಾಗಿಲ್ಲ. ಒಂದು ಗ್ಲಾಸ್ ಎತ್ತೋ ಹಾಗಿಲ್ಲ. ಎಲ್ಲಾನೂ ಅವನಿಗೆ ಹೆದ್ರಿಕೊಂಡೇ ಮಾಡ್ಬೇಕಾ? ನಾನೇ ಕರ್ಕೊಂಡು ಬಂದೆ ಅವನನ್ನ, ಇಲ್ಲ ಅನ್ನಲ್ಲ. ಆದ್ರೆ ಎಷ್ಟು ದಿನ?"

ಬಾಗಿಲ ಕಡೆ ನೋಡಿದರೆ ತಮ್ಮ ನಿಂತಿದ್ದ. ಪ್ರಸಾದದ ತಟ್ಟೆ ಹಿಡಿದುಕೊಂಡು ಬಂದಿದ್ದವನು ಎಲ್ಲ ಕೇಳಿಸಿಕೊಂಡಿದ್ದ.

"ಭಾವ, ಇನ್ನೊಂದು ಕೆಗ್ ತನ್ನಿ. ಇದಕ್ಕಿಂತ ಚೆನ್ನಾಗಿ ಮಾಡ್ಕೊಡ್ತೀನಿ."

"ಬೇಡ ಬಿಡೋ" ಅಂದರು ಇವರು, ಮುಖ ತಿರುಗಿಸಿ.

"ನನಗೆ ಹೆದ್ರಿಕೊಂಡು ಬೇಡ ಅನ್ಬೇಡಿ. ನಿಮ್ಮ ಬಿಯರ್ ಬಂದು ನನ್ನ ಬಾಯಿಗೆ ಬೀಳಲ್ಲ. ಕುಡೀಬೇಕು ಅಂದ್ರೆ ಮೇನ್ ರೋಡಲ್ಲೇ ಸಿಗುತ್ತೆ. ಎಲ್ಲಿ ಅಂತ ಅಕ್ಕನಿಗೂ ಗೊತ್ತು." ನನ್ನ ಕಡೆ ನೋಡಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟ. "ಆವತ್ತು ಮುಖಕ್ಕೆ ಚಿಮ್ತಲ್ಲ, ತುಟಿ ಮೇಲೆ ಇತ್ತು ಭಾವ. ಮೇಲೆ ಹೋಗಿ ನಲ್ಲಿ ಕೆಳಗೆ ತಲೆ ಕೊಟ್ಟು ಕೂತಿದ್ದೆ. ಮುಂದೆ ಕುಡೀತೀನೋ ಇಲ್ವೋ ನಂಗೂ ಗೊತ್ತಿಲ್ಲ. ಬೆಳಿಗ್ಗೆ ಎದ್ರೆ, ಇವತ್ತು ಇಲ್ಲ ಅಂದ್ಕೋತೀನಿ. ಅಷ್ಟೇ ನನ್ನ ಕೈಲಿರೋದು."

ಹೊರಗೆ ಯಾರೋ ಪಟಾಕಿ ಸರ ಹಚ್ಚಿದರು. ಅವನು ಹೋದ ಮೇಲೆ ನನ್ನ ಗಂಡ ಪ್ರಸಾದ ಮುಟ್ಟದೆ ಮಲಗಿದರು.

ಬೆಳಗಾಗುವ ಮೊದಲೇ ಅಮ್ಮ ನಮ್ಮನ್ನೆಲ್ಲ ಎಬ್ಬಿಸಿದಳು. ಹಿಂದಿನ ಅಂಗಳದಲ್ಲಿ ಗ್ಯಾಸ್ ಒಲೆ ಬುಸುಗುಡುತ್ತಿತ್ತು, ಹಂಡೆಯ ಮುಚ್ಚಳದ ಸುತ್ತ ಆವಿ ಏಳುತ್ತಿತ್ತು. ನಾನು ಹತ್ತಿರ ಹೋಗಿ ಮೂಸಿದೆ. ಬಿಸಿನೀರು, ಬಾಡಿದ ಹಾಗಲಬಳ್ಳಿ, ಸುಣ್ಣ. ಬೇರೇನೂ ಇರಲಿಲ್ಲ. ನನ್ನ ಗಂಡ ಟವೆಲು ಹೊದ್ದುಕೊಂಡು ಮೂಲೆಯಲ್ಲಿ ಕೂತು, ಒಲೆಯ ಉರಿಯನ್ನು ನೋಡುತ್ತಿದ್ದರು. ಎಷ್ಟು ಹೊತ್ತಿಗೆ ಕುದಿ ಬಂತು ಎಂದು ಅಮ್ಮನನ್ನು ಕೇಳಿದರು. ಅದು ಅವರಿಗೆ ಬಿಯರಿಗಾಗಿ ಬೇಕಾಗಿದ್ದ ಲೆಕ್ಕ. ಬೇಗ ಬಂತು, ಒಳ್ಳೇ ಹಂಡೆ ಎಂದಳು ಅಮ್ಮ.

ತಮ್ಮ ಮಣೆಯ ಮೇಲೆ ಕೂತ. ಅಮ್ಮ ಅವನ ಹಣೆಗೆ ಕುಂಕುಮ ಇಟ್ಟು, ಕೈ ನೋಯುತ್ತೆ ನೀನೇ ಎಣ್ಣೆ ಒತ್ತೇ ಎಂದು ಬಟ್ಟಲನ್ನು ನನಗೆ ಕೊಟ್ಟಳು. ಬೆಚ್ಚಗಿನ ಎಳ್ಳೆಣ್ಣೆಯನ್ನು ಅಂಗೈಗೆ ಹಾಕಿಕೊಂಡು ಅವನ ನೆತ್ತಿಗೆ 'ಪಟ ಪಟ' ತಟ್ಟಿದೆ. ಅವನ ತಲೆಗೂದಲು ಎಷ್ಟು ಬಿಳಿಯಾಗಿದೆ ಎಂದು ಅವತ್ತೇ ನೋಡಿದ್ದು. ಚಿಕ್ಕವರಿದ್ದಾಗ ಎಣ್ಣೆ ಕಣ್ಣಿಗೆ ಹೋಯಿತು ಎಂದು ಇವನು ಮನೆ ಹಾರಿಹೋಗುವ ಹಾಗೆ ಅರಚುತ್ತಿದ್ದ. ಈಗ ಸುಮ್ಮನೆ ಕೂತಿದ್ದ. ಕಿವಿಯ ಹಿಂದೆ ಎಣ್ಣೆ ಹಚ್ಚಲು ಬಗ್ಗಿದೆ. ಬಗ್ಗಿದ್ದು ಅದಕ್ಕೇನಾ? ನನಗೇ ಗೊತ್ತಿಲ್ಲ. ಅವನಿಗೆ ಗೊತ್ತಾಯಿತು.

ತಲೆ ಹಿಂದಕ್ಕೆ ವಾಲಿಸಿದ. ನನ್ನ ಮುಖದ ಕೆಳಗೆ ಅವನ ಮುಖ ಬಂತು. ಕಣ್ಣು ಮುಚ್ಚಿಕೊಂಡು, ಡಾಕ್ಟರ ಮುಂದೆ ಕೂತ ಹುಡುಗನ ಹಾಗೆ ಬಾಯಿ ಅಗಲವಾಗಿ ತೆರೆದು, "ಹಾ" ಎಂದು ಉಸಿರು ಬಿಟ್ಟ.

"ಏನೋ ಅದು?" ಎಂದಳು ಅಮ್ಮ.

"ಗಂಟಲು ನೋವು ಅಂದೆ. ಅಕ್ಕ ನೋಡ್ತಿದಾಳೆ."

ನನ್ನ ಎರಡೂ ಕೈ ಎಣ್ಣೆಯಾಗಿತ್ತು. ಬೇಡ, ಮುಚ್ಚೋ ಬಾಯಿ, ನನಗೆ ಬೇಡ ಇದು, ಎಂದು ಹೇಳಬೇಕಿತ್ತು. ನಾನು ಮುಖವನ್ನು ಇನ್ನೂ ಕೆಳಗೆ ತಂದು ಮೂಸಿದೆ. ಹಲ್ಲುಪುಡಿಯ ವಾಸನೆ ಇತ್ತು. ನನ್ನ ಕಣ್ಣೀರು ಅವನ ಹಣೆಯ ಮೇಲೆ ಬಿದ್ದು, ಎಣ್ಣೆಯ ಜೊತೆ ಇಳಿಯಿತು.

ಅವನು ಬಾಯಿ ಮುಚ್ಚಿ ತಲೆ ನೆಟ್ಟಗೆ ಮಾಡಿಕೊಂಡ.

"ನಾಳೇನೂ ನೋಡ್ತೀಯಾ?" ಎಂದು ಮೆಲ್ಲಗೆ ಕೇಳಿದ.

"ನೋಡ್ತೀನಿ ಕಣೋ" ಅಂದೆ.

"ನೋಡು" ಅಂದ. ಕೈ ಚಾಚಿ, ತಾನೇ ಕೂರಿಸಿದ್ದ ನಲ್ಲಿಯನ್ನು ತಿರುಗಿಸಿ, ಬಕೆಟ್ಟಿಗೆ ಬಿಸಿನೀರು ಬಿಟ್ಟ.